ಮಗಳ ಮನೆ ಲಂಡನ್‌ನಲ್ಲಿ, ಮಂಡಿನೋವು ಅಮ್ಮನಿಗೆ: ಯಾವ ಕೆಥೆಡ್ರಲ್‌ಗೆ ಹೋಗೋದು?

ಊರಿಂದ ಅಪ್ಪ-ಅಮ್ಮ ಬಂದು ವಾರವಾಗುವಷ್ಟರಲ್ಲಿ ಲಂಡನ್ ಐ, ಟವರ್ ಬ್ರಿಡ್ಜ್, ಅರಮನೆಯ ಗೇಟು ಎಲ್ಲ ಮುಗಿದಿರುತ್ತದೆ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದಾದ್ದರಿಂದ ಪ್ಯಾಕೇಜ್ ಟೂರಿನವರ ಅವಸರ ಇವರಿಗಿಲ್ಲ. ಬೇಲೂರು, ಹಳೇಬೀಡು, ಮೂಡುಬಿದಿರೆ ಕಂಡ ಕಣ್ಣು. ಹಳೆಯ ಕಲ್ಲುಕಟ್ಟಡ ಎಂದರೆ ತಾವಾಗಿಯೇ ಹೊರಟು ನಿಲ್ಲುತ್ತಾರೆ. ಆಗ ಏಳುವ ಪ್ರಶ್ನೆ: ಇಂಗ್ಲೆಂಡಿನ ಹಳೆಯ ಕೆಥೆಡ್ರಲ್‌ಗಳಲ್ಲಿ (ಬಿಷಪ್ಪರ ಪೀಠವಿರುವ ದೊಡ್ಡ ಚರ್ಚುಗಳಲ್ಲಿ) ಯಾವುದಕ್ಕೆ ಕರೆದುಕೊಂಡು ಹೋಗುವುದು?

ಹೆಸರು ನೋಡಿ ಆರಿಸಿದರೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ (ಲೆಕ್ಕಕ್ಕೆ ಇದು ಕೆಥೆಡ್ರಲ್ ಅಲ್ಲ). ಮಂಡಿ ನೋಡಿ ಆರಿಸಿದರೆ ಸಾಲ್ಸ್‌ಬರಿ. ನಮ್ಮ ಮತ ಮಂಡಿಯ ಕಡೆಗೆ. ಇಂಥ ಪ್ರವಾಸದಲ್ಲಿ ದಿನ ಕೆಡುವುದು ದೂರದಿಂದಲ್ಲ, ನಿಲ್ಲುವುದರಿಂದ. ರೈಲಿನಲ್ಲಿ ಎರಡು ಗಂಟೆ ಕೂತು ಬಂದವರಿಗೆ ಅಷ್ಟೇನೂ ಆಯಾಸವಾಗುವುದಿಲ್ಲ. ಬಾಗಿಲ ಮುಂದಿನ ಸಾಲಿನಲ್ಲಿ ಅರ್ಧ ಗಂಟೆ, ಒಳಗೆ ತಣ್ಣನೆಯ ಕಲ್ಲುನೆಲದ ಮೇಲೆ ಒಂದೂವರೆ ಗಂಟೆ ನಿಂತವರು ಮಾರನೆಯ ದಿನ ಸೋಫಾ ಬಿಟ್ಟು ಏಳುವುದಿಲ್ಲ. ಮನೆಮಂದಿಯಲ್ಲಿ ಯಾರ ಕಾಲು ಎಲ್ಲರಿಗಿಂತ ಬೇಗ ಸೋಲುತ್ತದೋ ಅವರನ್ನು ಮುಂದಿಟ್ಟುಕೊಂಡು ಊರು ಆರಿಸಿ. ಒಂದು ದಿನಕ್ಕೆ ಒಂದೇ ಕೆಥೆಡ್ರಲ್. ಎರಡು ಸೇರಿಸಿದರೆ ಎರಡೂ ಒಂದೇ ಥರ ಕಾಣತೊಡಗುತ್ತವೆ.

ಸಾಲ್ಸ್‌ಬರಿ: ಸಮತಟ್ಟು ನೆಲ, ಒಂದೇ ಕೈಯ ಕಟ್ಟಡ

ಲಂಡನ್ ವಾಟರ್‌ಲೂ ಸ್ಟೇಷನ್ನಿಂದ ನೇರ ರೈಲು, ಸುಮಾರು ಒಂದೂವರೆ ಗಂಟೆ. ಸಾಲ್ಸ್‌ಬರಿ ಸ್ಟೇಷನ್ನಿಂದ ಕೆಥೆಡ್ರಲ್‌ಗೆ ಸುಮಾರು ಒಂದು ಕಿಲೋಮೀಟರ್, ದಾರಿಯಲ್ಲಿ ಏರು-ತಗ್ಗು ಇಲ್ಲವೆನ್ನಬಹುದು. ಒಳಗೂ ಹಾಗೆಯೇ: ಬಾಗಿಲಿನಿಂದ ಪೀಠದವರೆಗೆ, ಕೈಸಾಲೆಯಿಂದ ಚಾಪ್ಟರ್ ಹೌಸ್ ಎಂಬ ಪಾದ್ರಿಗಳ ಸಭಾಮಂಟಪದವರೆಗೆ ವೀಲ್‌ಚೇರ್ ತಳ್ಳಿಕೊಂಡು ಹೋಗಬಹುದು.

ಬಹಳ ಕೆಥೆಡ್ರಲ್‌ಗಳು ಇನ್ನೂರು ಮುನ್ನೂರು ವರ್ಷ ತುಂಡುತುಂಡಾಗಿ ಬೆಳೆದವು. ಇದರ ಮುಖ್ಯ ಭಾಗ 1220ರಿಂದ 1258ರ ನಡುವೆ, 38 ವರ್ಷಗಳಲ್ಲಿ ಎದ್ದಿತು. ಆದ್ದರಿಂದ ಎಲ್ಲಿ ನಿಂತು ನೋಡಿದರೂ ಒಂದೇ ಶೈಲಿ. ಹೊರಗಿನ 123 ಮೀಟರ್ ಶಿಖರ ಆಮೇಲೆ ಸೇರಿಸಿದ್ದು. ಬ್ರಿಟನ್ನಿನ ಚರ್ಚ್ ಶಿಖರಗಳಲ್ಲಿ ಇದೇ ಎತ್ತರದ್ದು. ತಮಾಷೆ ಇರುವುದು ಕೆಳಗೆ. ಕಟ್ಟಡದ ತಳಪಾಯ ಸುಮಾರು 1.2 ಮೀಟರ್ ಆಳದ್ದು ಮಾತ್ರ, ಅದರ ಮೇಲೆ ಮೊದಲ ಲೆಕ್ಕದಲ್ಲಿ ಇರದಿದ್ದ 6,500 ಟನ್ ತೂಕ ಬಂದು ಕೂತಿದೆ. ನಡುಗೋಪುರದ ಕೆಳಗೆ ನಿಂತು ಕಂಬಗಳನ್ನು ಬುಡದಿಂದ ಮೇಲಕ್ಕೆ ನೋಡುತ್ತ ಹೋದರೆ ಅವು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಸಿವಿಲ್ ಎಂಜಿನಿಯರಾಗಿ ನಿವೃತ್ತರಾದ ಅಪ್ಪ ಇದ್ದರೆ ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ. ಹತ್ತಿರದಲ್ಲೇ ಕುರ್ಚಿ ಹಿಡಿದುಕೊಳ್ಳಿ.

ಚಾಪ್ಟರ್ ಹೌಸ್‌ನಲ್ಲಿ ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಮೂಲ ಪ್ರತಿಗಳಲ್ಲಿ ಒಂದಿದೆ. ಮಂದ ಬೆಳಕಿನ ಪುಟ್ಟ ಗೂಡಿನಲ್ಲಿ ಇಟ್ಟಿದ್ದಾರೆ, ಅದರ ಫೋಟೊ ತೆಗೆಯುವಂತಿಲ್ಲ. ಒಂದೇ ಹಾಳೆಯ ಮೇಲೆ ಇರುವೆ ಸಾಲಿನಂಥ ಲ್ಯಾಟಿನ್ ಬರಹ. ಮುಂಚೆಯೇ ಏನೆಂದು ಹೇಳಿಟ್ಟಿರದಿದ್ದರೆ 'ಇದಕ್ಕಾ ಇಷ್ಟು ದೂರ ಬಂದದ್ದು' ಎಂಬ ಮಾತು ಬರುವುದು ಖಂಡಿತ. ಒಳಗಿರುವ ಕಬ್ಬಿಣದ ಗಡಿಯಾರ 1386ರದ್ದೆನ್ನುತ್ತಾರೆ. ಮುಖವೂ ಇಲ್ಲ, ಮುಳ್ಳೂ ಇಲ್ಲ. ಗಂಟೆ ಬಾರಿಸುವುದಷ್ಟೇ ಅದರ ಕೆಲಸ.

ಕೊರತೆ ಒಂದಿದೆ. 18ನೇ ಶತಮಾನದ ಕೊನೆಗೆ ಜೇಮ್ಸ್ ವಯಟ್ ಎಂಬ ವಾಸ್ತುಶಿಲ್ಪಿ 'ದುರಸ್ತಿ' ಮಾಡಿದಾಗ ಹಳೆಯ ಬಣ್ಣದ ಗಾಜು ಬಹುಪಾಲು ಹೋಯಿತು. ಒಳಗೆ ಬೆಳಕು ಧಾರಾಳ, ಬಣ್ಣ ಕಡಿಮೆ. 'ಚರ್ಚೆಂದರೆ ಬಣ್ಣದ ಕಿಟಕಿ' ಎಂದು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಇಲ್ಲಿ ತುಸು ನಿರಾಸೆ.

ಗೋಪುರ ಹತ್ತುವ ಟೂರಿಗೆ 332 ಮೆಟ್ಟಿಲು, ಸುರುಳಿಯಾಕಾರದ ಇಕ್ಕಟ್ಟು ದಾರಿ. ಮೊಮ್ಮಕ್ಕಳನ್ನು ಅಪ್ಪ ಕರೆದುಕೊಂಡು ಹೋಗಲಿ, ಅಜ್ಜಿ ಕೈಸಾಲೆಯಲ್ಲಿ ಕೂರಲಿ.

ಇನ್ನು ಸ್ಟೋನ್‌ಹೆಂಜ್, ಇತಿಹಾಸಪೂರ್ವ ಕಾಲದ ನಿಲುಗಲ್ಲುಗಳ ವೃತ್ತ. ಸಾಲ್ಸ್‌ಬರಿಯಿಂದ ಸುಮಾರು 15 ಕಿಲೋಮೀಟರ್. ಸ್ಟೇಷನ್ ಎದುರಿನಿಂದಲೇ ಅದಕ್ಕೆಂದು ಬಸ್ಸಿದೆ. ಸೇರಿಸಿಕೊಳ್ಳಬೇಕೇ? ಬೇಸಿಗೆಯಾದರೆ ಹೌದು, ಚಳಿಗಾಲದಲ್ಲಿ ಬೇಡ. ಬಯಲಲ್ಲಿ ಗಾಳಿಗೆ ತಡೆ ಇಲ್ಲ, ಸೀರೆ ಉಟ್ಟವರಿಗೆ ನಿಲ್ಲುವುದೇ ಕಷ್ಟ. ಬಸ್ ಇಳಿಯುವ ವಿಸಿಟರ್ ಸೆಂಟರಿನಿಂದ ಕಲ್ಲುಗಳ ಬಳಿಗೆ ಇನ್ನೂ ಸುಮಾರು 2 ಕಿಲೋಮೀಟರ್, ಅದಕ್ಕೆ ಅವರದೇ ಶಟಲ್ ಬಸ್ಸು. ಎಲ್ಲ ಸೇರಿ ಮೂರು ಗಂಟೆಗೆ ಕಡಿಮೆ ಇಲ್ಲ. ಸೇರಿಸುವುದಾದರೆ ಸ್ಟೋನ್‌ಹೆಂಜ್ ಮೊದಲು, ಕೆಥೆಡ್ರಲ್ ಆಮೇಲೆ. ಸ್ಟೋನ್‌ಹೆಂಜ್ ಟಿಕೆಟ್ಟಿಗೆ ಗೊತ್ತುಪಡಿಸಿದ ಹೊತ್ತಿರುತ್ತದೆ. ಕೆಥೆಡ್ರಲ್‌ನಲ್ಲಿ ಮೈಮರೆತು ಬಸ್ ತಪ್ಪಿಸಿಕೊಳ್ಳುವುದೇ ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು.

ವಾಟರ್‌ಲೂ-ಸಾಲ್ಸ್‌ಬರಿ ದಾರಿಯಲ್ಲೇ ವೋಕಿಂಗ್ ಊರಿದೆ, ಲಂಡನ್ನಿನಿಂದ ಅರ್ಧ ಗಂಟೆಯೊಳಗೆ. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಕಟ್ಟಿದ ಮೊದಲ ಕಟ್ಟಡ ಅಲ್ಲಿನ ಷಾ ಜಹಾನ್ ಮಸೀದಿ, 1889ರದ್ದು. ಹೆಸರು ಮೊಗಲ್ ದೊರೆಯದಲ್ಲ, ಕಟ್ಟಲು ಹಣ ಕೊಟ್ಟ ಭೋಪಾಲದ ಬೇಗಂ ಷಾ ಜಹಾನ್ ಅವರದು. ಪುಟ್ಟ ಕಟ್ಟಡ, ಬೇರೆಯದೇ ಅರ್ಧ ದಿನಕ್ಕೆ ಇಟ್ಟುಕೊಳ್ಳಿ.

ಕ್ಯಾಂಟರ್‌ಬರಿ: ಕತೆ ಬೇಕೆನ್ನುವವರಿಗೆ, ಮೆಟ್ಟಿಲು ಪರವಾಗಿಲ್ಲ ಎನ್ನುವವರಿಗೆ

ಯಾತ್ರೆ ಎಂದರೇನೆಂದು ಅಮ್ಮನಿಗೆ ವಿವರಿಸಬೇಕಿಲ್ಲವಲ್ಲ, ಅದಕ್ಕೇ ಈ ಊರು ಬೇಗ ಒಗ್ಗುತ್ತದೆ. 597ರಲ್ಲಿ ರೋಮಿನಿಂದ ಬಂದ ಧರ್ಮಪ್ರಚಾರಕ ಅಗಸ್ಟೀನ್ ನೆಲೆಯೂರಿದ್ದು ಇಲ್ಲಿ. 1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ರಾಜನ ಕಡೆಯ ನಾಲ್ವರು ಸರದಾರರು ಕೆಥೆಡ್ರಲ್ ಒಳಗೇ ಕಡಿದರು. ಆ ಜಾಗ ಇಂದಿಗೂ ಗುರುತಿಟ್ಟಿದೆ, ಮೇಲೆ ಕತ್ತಿಗಳ ಶಿಲ್ಪ ತೂಗುತ್ತದೆ. ಆಮೇಲೆ ಮೂರೂವರೆ ಶತಮಾನ ಜನ ಅವನ ಸಮಾಧಿಗೆ ಹರಕೆ ಹೊತ್ತು ಬಂದರು. 1538ರಲ್ಲಿ ದೊರೆ 8ನೇ ಹೆನ್ರಿ ಸಮಾಧಿಯನ್ನೇ ಕೀಳಿಸಿದ. ಈಗ ಅಲ್ಲಿರುವುದು ಬರಿ ನೆಲ, ಅದರ ಮೇಲೆ ಉರಿಯುವ ಒಂದು ಮೇಣದಬತ್ತಿ. ಅಲ್ಲಿಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಯಾತ್ರಿಕರ ಕಾಲು-ಮಂಡಿಗೆ ಸವೆದು ನಡುವೆ ತಗ್ಗಾಗಿವೆ. ಹಳೆಯ ದೇವಸ್ಥಾನದ ಹೊಸ್ತಿಲು ಕಂಡವರು ಅದನ್ನು ನೋಡಿದೊಡನೆ ಗುರುತಿಸುತ್ತಾರೆ. ಪೀಠದ ಹಿಂದೆ ಸುತ್ತಿ ಬರುವ ದಾರಿ ನಮ್ಮ ಪ್ರದಕ್ಷಿಣಾ ಪಥದ ಹಾಗೆಯೇ. ಜನಜಂಗುಳಿ ಪೂಜೆಗೆ ಅಡ್ಡಿಯಾಗದೆ ಸಾಗಲಿ ಎಂಬ ಲೆಕ್ಕ.

ಬಣ್ಣದ ಗಾಜಿನಲ್ಲಿ ಸಾಲ್ಸ್‌ಬರಿಗೂ ಇದಕ್ಕೂ ಹೋಲಿಕೆಯೇ ಇಲ್ಲ. 12-13ನೇ ಶತಮಾನದ ಗಾಜು ಇನ್ನೂ ಕಿಟಕಿಗಳಲ್ಲಿದೆ. ಸಮಾಧಿಯ ಸುತ್ತಲಿನ ಕಿಟಕಿಗಳಲ್ಲಿ ಬೆಕೆಟ್‌ನ ಪವಾಡಗಳ ಚಿತ್ರಗಳು: ಕಾಯಿಲೆಯವರು, ಕುರುಡರು, ಬಿದ್ದವರು, ಗುಣವಾದವರು. ಸಣ್ಣ ಬೈನಾಕ್ಯುಲರ್ ತಂದರೆ ಮಾತ್ರ ಮುಖಗಳು ಕಾಣುತ್ತವೆ.

ತೊಂದರೆ ನೆಲದ್ದು. ಒಳಗೆ ಮಟ್ಟಗಳು ಹಲವು: ಹಜಾರದಿಂದ ಹತ್ತಿ ಗಾಯನ ಮಂಟಪಕ್ಕೆ, ಅಲ್ಲಿಂದ ಇನ್ನೂ ಹತ್ತಿ ಸಮಾಧಿಯ ಜಾಗಕ್ಕೆ, ಮತ್ತೆ ಇಳಿದು ನೆಲಮಾಳಿಗೆಗೆ. ಬದಲಿ ದಾರಿ, ಲಿಫ್ಟ್ ಎಲ್ಲ ಇವೆ, ಆದರೆ ಸಿಬ್ಬಂದಿಯನ್ನು ಕೇಳಿ ತೆಗೆಸಿಕೊಂಡು ಹೋಗಬೇಕು. ಒಳಗೆ ಹೋದೊಡನೆಯೇ ಕೇಳಿಬಿಡಿ. ಅರ್ಧ ನೋಡಿ ಆದಮೇಲೆ ಕೇಳಿದರೆ ಬಂದ ದಾರಿಯನ್ನೇ ಮತ್ತೆ ನಡೆಯಬೇಕಾಗುತ್ತದೆ.

ರೈಲಿನಲ್ಲಿ ಎಡವುವುದು ಎರಡು ಕಡೆ. ಊರಿಗೆ ಎರಡು ಸ್ಟೇಷನ್, ಕ್ಯಾಂಟರ್‌ಬರಿ ವೆಸ್ಟ್ ಮತ್ತು ಈಸ್ಟ್. ಸೇಂಟ್ ಪ್ಯಾಂಕ್ರಸ್‌ನಿಂದ ಹೈಸ್ಪೀಡ್ ರೈಲು ವೆಸ್ಟ್‌ಗೆ ಸುಮಾರು ಒಂದು ಗಂಟೆಯಲ್ಲಿ ಮುಟ್ಟಿಸುತ್ತದೆ. ವಿಕ್ಟೋರಿಯಾದಿಂದ ಈಸ್ಟ್‌ಗೆ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಬಹುದು, ದರ ಕಡಿಮೆ. ಅಗ್ಗದ ಟಿಕೆಟ್ ಕೊಂಡು ಹೈಸ್ಪೀಡ್ ಹತ್ತಿದರೆ ವ್ಯತ್ಯಾಸದ ಹಣ ಅಥವಾ ದಂಡ ಕಟ್ಟಿಸಿಕೊಳ್ಳುತ್ತಾರೆ. ಟಿಕೆಟ್ ಮೇಲೆ 'ಎಚ್‌ಎಸ್1' (ಹೈಸ್ಪೀಡ್ ಮಾರ್ಗದ ಹೆಸರು) ಎಂದಿರುವ ಸಾಲನ್ನು ಓದಿಯೇ ಹತ್ತಿ. ವಯಸ್ಸಾದವರು ಜೊತೆಗಿದ್ದರೆ ಹೈಸ್ಪೀಡ್‌ಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಕೆಥೆಡ್ರಲ್, ಸೇಂಟ್ ಅಗಸ್ಟೀನ್ಸ್ ಅಬ್ಬೆಯ ಅವಶೇಷ, ಸೇಂಟ್ ಮಾರ್ಟಿನ್ಸ್ ಚರ್ಚ್ ಮೂರೂ ಸೇರಿ 1988ರಲ್ಲಿ ಯುನೆಸ್ಕೊ ಪಟ್ಟಿಗೆ ಬಂದವು. ಮೂರನ್ನೂ ಒಂದೇ ದಿನ ನೋಡಬೇಕೆಂಬ ಹಟ ಬೇಡ.

ಯಾರ್ಕೋ, ಡರ್ಹಮ್ಮೋ?

ಎರಡೂ ಉತ್ತರಕ್ಕೆ, ಎರಡಕ್ಕೂ ಕಿಂಗ್ಸ್ ಕ್ರಾಸ್ ಸ್ಟೇಷನ್ನಿಂದ ರೈಲು. ಯಾರ್ಕ್ ಸುಮಾರು ಎರಡು ಗಂಟೆ, ಡರ್ಹಮ್ ಮೂರು ಗಂಟೆಯ ಆಸುಪಾಸು. ಒಂದು ರಾತ್ರಿ ಉಳಿಯುವುದಾದರೆ ಎರಡನ್ನೂ ನೋಡಬಹುದು, ಯಾರ್ಕ್‌ನಲ್ಲೇ ಉಳಿಯಿರಿ.

ಒಂದನ್ನೇ ಆರಿಸಬೇಕಾದರೆ ಹೆಚ್ಚಿನವರಿಗೆ ಯಾರ್ಕ್. ಕಾರಣ ಕೆಥೆಡ್ರಲ್ ಒಂದೇ ಅಲ್ಲ, ಊರು. ಸ್ಟೇಷನ್ನಿಂದ ಕಾಲು ಗಂಟೆಯ ನಡಿಗೆ, ದಾರಿ ಬಹುಪಾಲು ಸಮ. ದರ್ಶನ ಮುಗಿದ ಮೇಲೆ ಕೂರಲು ತಿನ್ನಲು ಬೇಕಾದಷ್ಟು ಜಾಗ. ಸ್ಟೇಷನ್ ಪಕ್ಕದಲ್ಲೇ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ, ಪ್ರವೇಶ ಉಚಿತ. ಚರ್ಚಿನಲ್ಲಿ ಬೇಸರಪಡುವ ಅಜ್ಜ-ಮೊಮ್ಮಗ ಅಲ್ಲಿ ಅರ್ಧ ದಿನ ಕಳೆಯುತ್ತಾರೆ. ಇಲ್ಲಿನ ಕೆಥೆಡ್ರಲ್ ಆದ ಯಾರ್ಕ್ ಮಿನ್‌ಸ್ಟರ್‌ನ ಪೂರ್ವದ ಮಹಾಕಿಟಕಿ ಹೆಚ್ಚೂಕಡಿಮೆ ಟೆನಿಸ್ ಅಂಗಳದಷ್ಟಿದೆ. ಜಾನ್ ಥಾರ್ನ್‌ಟನ್ ಎಂಬಾತ ತನ್ನ ಕೆಲಸಗಾರರೊಂದಿಗೆ 1405ರಿಂದ 1408ರೊಳಗೆ ಮುಗಿಸಿದ್ದು. ಲೋಕದ ಆರಂಭದಿಂದ ಅಂತ್ಯದವರೆಗೆ ಎಲ್ಲವೂ ಒಂದೇ ಕಿಟಕಿಯಲ್ಲಿದೆ. ಇದೇ ಊರಿನಲ್ಲಿ 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ರೋಮಿನ ಚಕ್ರವರ್ತಿಯೆಂದು ಸೈನಿಕರು ಸಾರಿದರು. ಅವನ ಪ್ರತಿಮೆ ಹೊರಗಿದೆ, ಕಟ್ಟಡದ ಅಡಿಯಲ್ಲಿ ರೋಮನ್ ಅವಶೇಷಗಳಿವೆ. ಗೋಪುರಕ್ಕೆ 275 ಮೆಟ್ಟಿಲು, 8 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡದಿದ್ದರೆ ರಂಪ.

ಡರ್ಹಮ್ ಕಟ್ಟಡವಾಗಿ ಇವೆಲ್ಲಕ್ಕಿಂತ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ. 1093ರಲ್ಲಿ ಆರಂಭ, 1133ಕ್ಕೆ ಮುಖ್ಯ ಕೆಲಸ ಮುಕ್ತಾಯ. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಇಲ್ಲಿಯೂ ಉಳಿಯ ಸದ್ದು ನಡೆದೇ ಇತ್ತು. ಅಲ್ಲಿ ಮೆದುವಾದ ಬಳಪದ ಕಲ್ಲಿನಲ್ಲಿ ಮದನಿಕೆಯರು. ಇಲ್ಲಿ ಮರಳುಗಲ್ಲಿನ ದಪ್ಪ ಕಂಬಗಳ ಮೇಲೆ ಅಂಕುಡೊಂಕು ಗೆರೆ, ಸುರುಳಿ, ವಜ್ರಾಕಾರ. ಒಂದೇ ಒಂದು ಆಕೃತಿಯಿಲ್ಲ. ಬೇಲೂರು ಚೆನ್ನಾಗಿ ನೋಡಿದವರಿಗೆ ಆ ಒಂದು ಹೋಲಿಕೆಗೇ ಪ್ರಯಾಣ ಸಾರ್ಥಕ. ಪಶ್ಚಿಮದ ತುದಿಯಲ್ಲಿ ನೆಲದ ಮೇಲೊಂದು ಕಪ್ಪು ಕಲ್ಲಿನ ಗೆರೆ ಇದೆ. ಸನ್ಯಾಸಿಗಳ ಕಾಲದಲ್ಲಿ ಹೆಂಗಸರು ಅದನ್ನು ದಾಟಿ ಮುಂದೆ ಬರುವಂತಿರಲಿಲ್ಲ. ಅಮ್ಮ ಅದನ್ನು ದಾಟುವಾಗ ಏನೆನ್ನುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಿ. ಒಳಗೆ ಸಂತ ಕತ್‌ಬರ್ಟ್ ಮತ್ತು ಇತಿಹಾಸ ಬರೆದ ಸನ್ಯಾಸಿ ಬೀಡ್ ಇಬ್ಬರ ಸಮಾಧಿಗಳಿವೆ. ಪ್ರವೇಶಕ್ಕೆ ಕಡ್ಡಾಯ ಟಿಕೆಟ್ ಇಲ್ಲ, ದೇಣಿಗೆ ಕೇಳುತ್ತಾರೆ.

ಆದರೆ ಸ್ಟೇಷನ್ ಒಂದು ಗುಡ್ಡದ ಮೇಲೆ, ಕೆಥೆಡ್ರಲ್ ಇನ್ನೊಂದು ಗುಡ್ಡದ ಮೇಲೆ, ನಡುವೆ ಹೊಳೆ. ಇಳಿಜಾರು, ಉರುಟು ಕಲ್ಲು ಹಾಸಿದ ದಾರಿ, ಮಳೆ ಬಂದರೆ ಜಾರು. ಟ್ಯಾಕ್ಸಿ ಮಾಡಿ. ನಕ್ಷೆಯಲ್ಲಿ '15 ನಿಮಿಷ' ಎಂದು ತೋರಿಸುವುದನ್ನು ನಂಬಿ ಹೊರಟವರು ಮೇಲೆ ತಲುಪುವಷ್ಟರಲ್ಲಿ ಸುಸ್ತು.

ಲಂಡನ್ ಬಿಟ್ಟು ಹೊರಡಲಾಗದಿದ್ದರೆ

ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಟಿಕೆಟ್ ದೊಡ್ಡವರಿಗೆ 30 ಪೌಂಡಿನ ಆಸುಪಾಸು. 1066ರಿಂದ ಪಟ್ಟಾಭಿಷೇಕಗಳು ನಡೆಯುವುದು ಇಲ್ಲೇ. ಈಗಿನ ಕಟ್ಟಡ 1245ರಲ್ಲಿ ಆರಂಭವಾದದ್ದು. ನ್ಯೂಟನ್, ಡಾರ್ವಿನ್ ಸಮಾಧಿಗಳು, ಹಾಕಿಂಗ್ ಅಸ್ಥಿ ಎಲ್ಲ ಹತ್ತಿರ ಹತ್ತಿರ. ಇದು ಹೆಸರುಗಳ ಜಾಗ. ವಿಜ್ಞಾನದ ಮೇಷ್ಟ್ರು ಬಂದರೆ ಬಿಡುವಂತಿಲ್ಲ. ಆ ಹೆಸರುಗಳ ಪರಿಚಯವಿಲ್ಲದವರಿಗೆ ಇದೊಂದು ಇಕ್ಕಟ್ಟಾದ ಗೋರಿಗಳ ಉಗ್ರಾಣ. ಸೇಂಟ್ ಪಾಲ್ಸ್ ಇದಕ್ಕೆ ತದ್ವಿರುದ್ಧ: 1675ರಿಂದ 1710ರೊಳಗೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ವಿಶಾಲ ಹಜಾರ, 111 ಮೀಟರ್ ಎತ್ತರದ ಗುಮ್ಮಟ. ಗುಮ್ಮಟದ ತುದಿಗೆ 528 ಮೆಟ್ಟಿಲು, ಲಿಫ್ಟ್ ಇಲ್ಲ. ನೆಲಮಟ್ಟಕ್ಕೂ ನೆಲಮಾಳಿಗೆಗೂ ಲಿಫ್ಟ್ ಇದೆ.

ಅಬ್ಬೆಗೆ ಹೋದ ದಿನ ಲ್ಯಾಂಬೆತ್ ಸೇತುವೆ ದಾಟಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬನ್ನಿ. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಅಲ್ಲಿದೆ, ಥೇಮ್ಸ್ ದಂಡೆಯ ಮೇಲೆ. ಟಿಕೆಟ್ ಇಲ್ಲ, ಸಾಲಿಲ್ಲ, ಕೂರಲು ಬೆಂಚು ಸಿಗುತ್ತದೆ. ಪ್ರವಾಸದ ಎಲ್ಲ ಫೋಟೊಗಳಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಮೊದಲು ಹೋಗುವುದು ಇದೇ.

ಭಾನುವಾರ ಬೇಡ

ಮನೆಮಂದಿಗೆಲ್ಲ ರಜೆ ಇರುವ ದಿನವೇ ಇದಕ್ಕೆ ಅತಿ ಕೆಟ್ಟ ದಿನ. ಅಬ್ಬೆ ಮತ್ತು ಸೇಂಟ್ ಪಾಲ್ಸ್ ಭಾನುವಾರ ಪ್ರಾರ್ಥನೆಗೆ ಮಾತ್ರ ತೆರೆದಿರುತ್ತವೆ. ಉಳಿದ ಕಡೆ ನೋಡುಗರಿಗೆ ಸಿಗುವ ಹೊತ್ತು ಕಡಿಮೆ. ಅದರ ಮೇಲೆ ಹಳಿ ದುರಸ್ತಿಯನ್ನು ರೈಲಿನವರು ಇಟ್ಟುಕೊಳ್ಳುವುದು ಹೆಚ್ಚಾಗಿ ಭಾನುವಾರ; ಅರ್ಧ ದಾರಿಯಲ್ಲಿ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ಶನಿವಾರ ಹೋಗಿ, ಇಲ್ಲವೇ ಒಂದು ಶುಕ್ರವಾರ ರಜೆ ಹಾಕಿ. ಕ್ಯಾಂಟರ್‌ಬರಿ, ಡರ್ಹಮ್ ಎರಡರಲ್ಲೂ ವಿಶ್ವವಿದ್ಯಾಲಯದ ಘಟಿಕೋತ್ಸವ ಕೆಥೆಡ್ರಲ್ ಒಳಗೇ ನಡೆಯುತ್ತದೆ, ಆ ದಿನಗಳಲ್ಲಿ ನೋಡಲು ಬಿಡುವುದಿಲ್ಲ ಅಥವಾ ಅರ್ಧ ಮುಚ್ಚಿರುತ್ತಾರೆ. ಟಿಕೆಟ್ ಕೊಳ್ಳುವ ಮುನ್ನ ಕೆಥೆಡ್ರಲ್ ವೆಬ್‌ಸೈಟಿನಲ್ಲಿ ಆ ದಿನದ ಪುಟ ನೋಡಿ.

ಹೊತ್ತಿನ ಲೆಕ್ಕವೂ ಇದೆ. ನಮ್ಮ ದೇವಸ್ಥಾನಕ್ಕೆ ಸಾಮಾನ್ಯವಾಗಿ ಪೂರ್ವಕ್ಕೆ ಬಾಗಿಲು; ಇಲ್ಲಿ ಬಾಗಿಲು ಪಶ್ಚಿಮಕ್ಕೆ, ಪೀಠ ಪೂರ್ವಕ್ಕೆ. ಹೀಗಾಗಿ ಯಾರ್ಕ್‌ನ ಮಹಾಕಿಟಕಿಗೆ ಬಿಸಿಲು ಬೀಳುವುದು ಬೆಳಿಗ್ಗೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಮಧ್ಯಾಹ್ನ ಮೂರರ ಮೇಲೆ ಹೋದರೆ ಬಣ್ಣದ ಗಾಜು ಬರಿ ಕಪ್ಪು ತಗಡು.

ಸಂಜೆ ಐದು, ಐದೂವರೆಯ ಹೊತ್ತಿಗೆ ಈವನ್‌ಸಾಂಗ್ ಎಂಬ ಹಾಡಿನ ಪ್ರಾರ್ಥನೆ ಇರುತ್ತದೆ, ಮುಕ್ಕಾಲು ಗಂಟೆ. ಯಾವ ಧರ್ಮದವರೂ ಕೂರಬಹುದು, ಹಣ ಕೊಡಬೇಕಿಲ್ಲ, ಹಾಡಬೇಕೆಂದೂ ಇಲ್ಲ. ಉಳಿದವರು ಎದ್ದಾಗ ಎದ್ದರಾಯಿತು. ಅಬ್ಬೆಯ 30 ಪೌಂಡು ಹೆಚ್ಚಾಯಿತು ಎನ್ನುವವರಿಗೆ ಒಳಗೆ ಕಾಲಿಡಲು ಇದೊಂದು ದಾರಿ. ಆದರೆ ಓಡಾಡುವಂತಿಲ್ಲ, ಫೋಟೊ ಇಲ್ಲ, ನ್ಯೂಟನ್ ಸಿಗುವುದಿಲ್ಲ. ಊರಿಂದ ಬಂದ ಮೊದಲ ವಾರ ಇದನ್ನು ಇಟ್ಟುಕೊಳ್ಳಬೇಡಿ. ಭಾರತದ ಗಡಿಯಾರ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ. ಅವರ ಮೈಗೆ ಅದು ರಾತ್ರಿ ಹತ್ತು ಗಂಟೆ. ಎರಡನೇ ಹಾಡಿಗೆ ಅಪ್ಪ ಗೊರಕೆ ಹೊಡೆಯುತ್ತಾರೆ. ಗಂಡಸರು ಒಳಗೆ ಮಂಕಿ ಕ್ಯಾಪ್ ತೆಗೆಯುವುದು ಮರ್ಯಾದೆ. ಚಪ್ಪಲಿ ಬಿಡಬೇಕಿಲ್ಲ ಎಂಬುದನ್ನು ಬಾಗಿಲಲ್ಲೇ ಹೇಳಿ, ಇಲ್ಲದಿದ್ದರೆ ಬಿಟ್ಟೇಬಿಡುತ್ತಾರೆ.

ರೈಲು ಟಿಕೆಟ್, ಬುತ್ತಿ

ಮೂರು ಅಥವಾ ಹೆಚ್ಚು ದೊಡ್ಡವರು ಒಟ್ಟಿಗೆ ಹೋಗುವುದಾದರೆ ಸಾಲ್ಸ್‌ಬರಿ, ಕ್ಯಾಂಟರ್‌ಬರಿ ಮಾರ್ಗಗಳಲ್ಲಿ ಗ್ರೂಪ್‌ಸೇವ್ ಎಂಬ ರಿಯಾಯಿತಿ ಸಾಕು. ದಟ್ಟಣೆಯಿಲ್ಲದ ಹೊತ್ತಿನಲ್ಲಿ ದರದ ಮೂರನೇ ಒಂದು ಭಾಗ ಇಳಿಯುತ್ತದೆ, ಕಾರ್ಡು ಬೇಕಿಲ್ಲ. ಮಕ್ಕಳಿಗೆ ರಜೆ ಸಿಗದೆ ಅಪ್ಪ-ಅಮ್ಮ ಇಬ್ಬರೇ ಓಡಾಡುವುದಾದರೆ ಟೂ ಟುಗೆದರ್ ರೈಲ್‌ಕಾರ್ಡ್: ಇಬ್ಬರಿಗೂ ಸೇರಿ ಒಂದೇ ಕಾರ್ಡು, ಇಬ್ಬರೂ ಜೊತೆಗಿದ್ದರೆ ಮಾತ್ರ ನಡೆಯುತ್ತದೆ, ವಾರದ ದಿನ ಬೆಳಿಗ್ಗೆ 9:30ಕ್ಕೆ ಮೊದಲು ನಡೆಯುವುದಿಲ್ಲ. ಅರವತ್ತು ದಾಟಿದವರ ಸೀನಿಯರ್ ರೈಲ್‌ಕಾರ್ಡ್ ತಲೆಗೊಂದು ಬೇಕು. ಇದಕ್ಕೆ ಬ್ರಿಟನ್ನಿನ ವಾಸಿಯಾಗಿರಬೇಕಿಲ್ಲ, ಭಾರತದ ಪಾಸ್‌ಪೋರ್ಟನ್ನೇ ಸ್ಟೇಷನ್ ಕೌಂಟರಿನಲ್ಲಿ ತೋರಿಸಿ. ಯಾರ್ಕ್, ಡರ್ಹಮ್‌ಗೆ ವಾರಗಟ್ಟಲೆ ಮೊದಲೇ ಕೊಂಡ ಅಡ್ವಾನ್ಸ್ ಟಿಕೆಟ್ ಬಹಳ ಅಗ್ಗ, ಆದರೆ ಅದೇ ರೈಲು ಹಿಡಿಯಬೇಕು, ನಡುವೆ ಇಳಿಯುವಂತಿಲ್ಲ. ನಡೆಯಲು ಕಷ್ಟವಿರುವವರಿಗೆ ಪ್ಯಾಸೆಂಜರ್ ಅಸಿಸ್ಟ್ ಎಂಬ ಉಚಿತ ನೆರವಿದೆ. ಹಿಂದಿನ ದಿನವೇ ಹೇಳಿಟ್ಟರೆ ರೈಲಿನ ಬಾಗಿಲಿಗೆ ರ‍್ಯಾಂಪ್ ಇಟ್ಟು ಹತ್ತಿಸಿ ಇಳಿಸುತ್ತಾರೆ. ಬಹುಪಾಲು ಕೆಥೆಡ್ರಲ್‌ಗಳಲ್ಲಿ ಕೇಳಿದರೆ ವೀಲ್‌ಚೇರ್ ಕೊಡುತ್ತಾರೆ, ಫೋನ್ ಮಾಡಿ ಕಾದಿರಿಸಿ.

ಕೆಥೆಡ್ರಲ್ ಕೆಫೆಗಳಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಸೂಪು, ಬೇಯಿಸಿದ ಆಲೂಗಡ್ಡೆ, ಚೀಸ್ ಸ್ಯಾಂಡ್‌ವಿಚ್. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ರೆನೆಟ್ ಇರಬಹುದು. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರು ಸಸ್ಯಾಹಾರಿ ಗುರುತು ನೋಡಿ ತೆಗೆದುಕೊಳ್ಳಲಿ. ಪುಳಿಯೋಗರೆ ಬುತ್ತಿ ಉತ್ತಮ: ಆರಿದರೂ ರುಚಿ ಕೆಡುವುದಿಲ್ಲ. ಸಾಲ್ಸ್‌ಬರಿಯಲ್ಲಿ ಕೆಥೆಡ್ರಲ್ ಸುತ್ತ ದೊಡ್ಡ ಹುಲ್ಲುಹಾಸಿದೆ, ಅಲ್ಲೇ ಬಿಚ್ಚಬಹುದು.

ಮನೆ ಲಂಡನ್‌ನಲ್ಲಿ ಇಲ್ಲದಿದ್ದರೆ

ಲೆಕ್ಕ ತಿರುಗುತ್ತದೆ. ಲೀಡ್ಸ್‌ನಲ್ಲಿದ್ದರೆ ಯಾರ್ಕ್ ಅರ್ಧ ಗಂಟೆ, ಮತ್ತೇನೂ ಯೋಚಿಸಬೇಡಿ. ನ್ಯೂಕ್ಯಾಸಲ್‌ನವರಿಗೆ ಡರ್ಹಮ್ ಕಾಲು ಗಂಟೆ. ಬೆಳಿಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು, ಗುಡ್ಡಕ್ಕೆ ಟ್ಯಾಕ್ಸಿ ಮಾತ್ರ ಮರೆಯಬೇಡಿ. ಸೌತಾಂಪ್ಟನ್, ಬ್ರಿಸ್ಟಲ್ ಎರಡರಿಂದಲೂ ಸಾಲ್ಸ್‌ಬರಿಗೆ ನೇರ ರೈಲಿದೆ.